ಕೂತವರ ಲೆಕ್ಕ

ಜನವರಿ 9

ಪ್ರೀತಿಯ ಪೆನ್ಸಿಲ್,

ಫೋನು ಮಾಡಿದರೆ "ಮೀಟಿಂಗಲ್ಲಿದ್ದೀನಿ ಅಕ್ಕಾ" ಎನ್ನುತ್ತೀಯ. ಕಾಗದಕ್ಕೆ ಹಾಗೆ ಹೇಳಿ ವಾಪಸು ಕಳಿಸಲು ಬರುವುದಿಲ್ಲ ನೋಡು, ಅದಕ್ಕೇ ಬರೆಯುತ್ತಿದ್ದೇನೆ. ಈಗ ನೀನು ಬಡಾವಣೆಗಳಿಗೆ ನಕ್ಷೆ ಬರೆಯುವ ದೊಡ್ಡ ಮನುಷ್ಯ. ಆದರೂ ಕಡ್ಡಿಯ ಹಾಗಿದ್ದು ಗೋಡೆಯನ್ನೆಲ್ಲ ಗೀಚುತ್ತಿದ್ದ ತಮ್ಮನಿಗೆ ನಾನಿಟ್ಟ ಹೆಸರು ಸಾಯುವತನಕ ಅದೇ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ನೀವು ಮಾಡಿದ ಆರೋಗ್ಯವನ ಚೆನ್ನಾಗಿದೆ. ಹಳೆಯ ಗೋದಾಮಿನ ಹಿಂದಿನ ಬಯಲು ಈಗ ಗುರುತೇ ಸಿಗುವುದಿಲ್ಲ. ಸಾಲಾಗಿ ಗಿಡ ನೆಟ್ಟಿದ್ದಾರೆ, ಸುತ್ತು ಹಾಕಲು ಕೆಂಪು ಹಾದಿ ಇದೆ, ಬೆನ್ನೊರಗಲು ಆಸರೆಯಿರುವ ಬೆಂಚುಗಳಿವೆ. ಗಿಡ ದೊಡ್ಡದಾದರೆ ಲಾರಿಗಳ ಧೂಳು ಮನೆಗಳತ್ತ ಬರುವುದು ಕಡಿಮೆಯಾದೀತು. ಫಲಕದಲ್ಲಿ "ಎಲ್ಲರಿಗೂ ಸಮಾನ ಆರೋಗ್ಯ" ಎಂದು ಬರೆಸಿದ್ದೀರಿ. ಓದಿದರೆ ನನಗೂ ಖುಷಿಯಾಗುತ್ತದೆ.

ಈಗ ಬೇಲಿಯ ವಿಷಯ. ಬಯಲಿನ ಈಚೆ ನಮ್ಮ ಕ್ಲಿನಿಕ್, ಆಚೆ ಸಾಲುಮನೆಗಳು. ಆ ಮನೆಗಳವರು ಬಯಲಿನ ಕಾಲುದಾರಿ ಹಿಡಿದೇ ನನ್ನ ಹತ್ತಿರ ಬರುತ್ತಿದ್ದರು. ನೀವು ಸುತ್ತಲೂ ಆಳೆತ್ತರದ ಕಬ್ಬಿಣದ ಬೇಲಿ ಹಾಕಿ, ಲಾರಿ ರಸ್ತೆಯ ಕಡೆಗೆ ಒಂದೇ ಗೇಟು ಇಟ್ಟಿದ್ದೀರಿ. ಅದೂ ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಎಂಟು. ಕ್ಲಿನಿಕ್ ತೆರೆಯುವುದು ಒಂಬತ್ತಕ್ಕೆ. ಉಳಿದದ್ದು ಲಾರಿ ರಸ್ತೆಯ ಅಂಚಿನಲ್ಲಿ ಸುತ್ತಿಕೊಂಡು ಬರುವ ದಾರಿ. ಅಲ್ಲಿ ಕಾಲಿಡಲು ಪಾದಚಾರಿ ಹಾದಿಯಿಲ್ಲ. ಲಾರಿಯ ಗಾಳಿಗೇ ಮನುಷ್ಯ ಅಲುಗಾಡಿ ಹೋಗುತ್ತಾನೆ.

ಎದೆಯ ತೊಂದರೆಯವರಿಗೆಂದು ನಾನೊಂದು ಪುಸ್ತಕ ಇಟ್ಟಿದ್ದೇನೆ. ಅದರಲ್ಲಿ ಸಾಲುಮನೆಗಳವರು ಅರವತ್ತಮೂರು ಜನ. ಬೇಲಿ ಬಂದ ಮೇಲಿನ ಮೊದಲ ಗುರುವಾರ, ಡಾಕ್ಟರು ಬರುವ ದಿನ, ಬಂದವರು ಇಪ್ಪತ್ತೆರಡು. ಮರುವಾರ ಹದಿನೇಳು. ದೊಡ್ಡಮ್ಮ ಎರಡೂ ವಾರ ಬಂದಿಲ್ಲ.

ನಿನಗೆ ಗೊತ್ತಿರಲಿ ಎಂದು ಬರೆಯುತ್ತೇನೆ. ಅವಳ ಹೃದಯ ಈಗ ಮೊದಲಿನಂತಿಲ್ಲ, ಕಾಲಿನಲ್ಲಿ ನೀರು ನಿಲ್ಲುತ್ತದೆ. ಡಾಕ್ಟರು ವಾರಕ್ಕೊಮ್ಮೆ ಎದೆ ನೋಡಿ ಮಾತ್ರೆ ಬದಲಿಸಬೇಕು. ತಾಯಿ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದವಳು ಅವಳು. ನೀನು ಅವಳೊಂದಿಗೆ ಮಾತು ಬಿಟ್ಟು ಎರಡು ವರ್ಷವಾಯಿತು. ಅದು ನಿಮ್ಮಿಬ್ಬರ ಜಗಳ, ನಾನು ನಡುವೆ ಬರುವುದಿಲ್ಲ. ಕ್ಲಿನಿಕ್ ಕಡೆಗೊಂದು, ಸಾಲುಮನೆಗಳ ಕಡೆಗೊಂದು, ಎರಡು ಸಣ್ಣ ಗೇಟು ಇಡಿಸು, ಸಾಕು. ಅದಕ್ಕಿಂತ ಹೆಚ್ಚು ಕೇಳುವುದಿಲ್ಲ.

ನಿನ್ನ,
ಅಕ್ಕ


ಜನವರಿ 20

ಅಕ್ಕಾ,

ಕಾಗದ ತಲುಪಿತು. ನೀನು ಅಂದುಕೊಂಡಷ್ಟು ಸುಲಭವಲ್ಲ ಇದು.

ಯಾವ ಬಡಾವಣೆಗೇ ಆಗಲಿ, ನಾವು ಮನಸ್ಸಿಗೆ ಬಂದಂತೆ ಗೆರೆ ಎಳೆಯುವುದಿಲ್ಲ. ಜನ ಆ ಜಾಗವನ್ನು ಹೇಗೆ ಬಳಸುತ್ತಾರೆ ಎಂದು ಮೊದಲು ಎಣಿಸುತ್ತೇವೆ. ಕಳೆದ ವರ್ಷ ಮಾರ್ಚಿನಲ್ಲಿ ಮೂರು ದಿನ, ಒಂಬತ್ತರಿಂದ ಒಂದರವರೆಗೆ ಎಣಿಕೆ ನಡೆದಿದೆ. ಹಾಳೆ ನನ್ನ ಮುಂದೆಯೇ ಇದೆ. ಬಯಲು ದಾಟಿ ಹೋದವರು ಹದಿನಾಲ್ಕು. ಅಲ್ಲಲ್ಲಿ ಕೂತವರು ಇನ್ನೂರ ಹನ್ನೊಂದು. ನೀನೇ ಹೇಳು, ಯಾರು ನೋಡಿದರೂ ಏನು ತೀರ್ಮಾನ ಮಾಡುತ್ತಾರೆ? ಇಲ್ಲಿಯವರಿಗೆ ಬೇಕಿರುವುದು ದಾರಿಯಲ್ಲ, ಕೂರಲು ಒಳ್ಳೆಯ ಜಾಗ ಎಂದು. ಮುರಿದ ಸಿಮೆಂಟ್ ಪೈಪಿನ ಮೇಲೆ, ಕಲ್ಲಿನ ಮೇಲೆ ಕೂರುತ್ತಿದ್ದರು. ಅವರಿಗೆ ನೆರಳು ಕೊಟ್ಟೆವು, ಬೆಂಚು ಕೊಟ್ಟೆವು. ನಾನು ಮನಸ್ಸಿಟ್ಟು ಮಾಡಿದ ಕೆಲಸ ಅಕ್ಕಾ ಇದು.

ಅಲ್ಲಿ ಗೇಟು ಬಿಟ್ಟರೆ ನಾಳೆಯೇ ಬೈಕುಗಳು ಒಳದಾರಿ ಮಾಡಿಕೊಳ್ಳುತ್ತವೆ. ಮಕ್ಕಳು ಆಡುವ ಜಾಗ ಅದು. ಫೆಬ್ರವರಿ 26ಕ್ಕೆ ಪರಿಶೀಲನಾ ಮಂಡಳಿಯವರು ಬರುತ್ತಾರೆ. ಅವರು ಒಪ್ಪಿದರೆ ಇದೇ ಮಾದರಿ ಇನ್ನೂ ಎಂಟು ಬಡಾವಣೆಗಳಿಗೆ ಹೋಗುತ್ತದೆ. ಈ ಹೊತ್ತಿನಲ್ಲಿ ಬೇಲಿ ಮುಟ್ಟುವ ಮಾತೆತ್ತಲಾರೆ.

ಸದ್ಯಕ್ಕೆ ಬಾಡಿಗೆ ಗಾಡಿ ಮಾಡಿ ಕರೆದುಕೊಂಡು ಹೋಗು.

ನಿನ್ನ,
ತಮ್ಮ


ಜನವರಿ 30

ತಮ್ಮಾ,

ಬಾಡಿಗೆ ಗಾಡಿ ಮಾಡಿದೆ ಮಾರಾಯ. ನಿನ್ನ ಸಲಹೆ ಪಾಲಿಸದೆ ಇರಲಾದೀತೇ! ಗೋದಾಮಿಗೆ ಹೋಗುವ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡು ಮುಕ್ಕಾಲು ಗಂಟೆ. ಹೊಗೆಗೆ ದೊಡ್ಡಮ್ಮ ಎರಡು ಸಲ ವಾಂತಿ ಮಾಡಿಕೊಂಡಳು. ಗಾಡಿಯವನು "ಇನ್ನೊಂದ್ ಸಲ ಈ ಕಡೆ ಕರೀಬೇಡಿ ಅಮ್ಮಾ" ಎಂದು ಕೈ ಮುಗಿದ. ಅವಳ ತೂಕ ಮೂರು ಕಿಲೋ ಏರಿದೆ. ಅದು ಮೈ ತುಂಬಿಕೊಂಡದ್ದಲ್ಲ, ಅಷ್ಟೂ ನೀರು. ಪಾದದ ಮೇಲೆ ಬೆರಳಿಟ್ಟು ಒತ್ತಿದರೆ ಕುಳಿ ಹಾಗೇ ಉಳಿಯುತ್ತದೆ.

ನಿನ್ನ ಕಾಗದವನ್ನು ನಾನು ಕ್ಲಿನಿಕ್ಕಿನಲ್ಲಿ ಬಂದವರಿಗೆಲ್ಲ ಓದಿ ಹೇಳಿದೆ. ತಪ್ಪಾಗಿದ್ದರೆ ಆಗಲಿ. ಇನ್ನೂರ ಹನ್ನೊಂದು ಜನ ಅಲ್ಲಿ ಕೂರಲು ಹೋಗುತ್ತಿದ್ದರಂತೆ ಎಂದಾಗ ಇಸ್ತ್ರಿ ಮಾಡುವ ಹೆಂಗಸು ಏನೆಂದಳು ಗೊತ್ತೇ?

"ಅಯ್ಯೋ ಸಿಸ್ಟರ್, ಕೂತ್ಕೊಂಡ್ ಕೂತ್ಕೊಂಡೇ ಅಲ್ವಾ ನಾವು ಬರೋದು! ಒಂದೇ ಉಸಿರಲ್ಲಿ ಬರೋಕಾಗಿದ್ರೆ ನಿಮ್ಮ ಆಸ್ಪತ್ರೆ ನಮಗ್ಯಾಕೆ ಬೇಕಿತ್ತು?"

ಎಲ್ಲರೂ ನಕ್ಕರು. ನಾನು ಮಾತ್ರ ನಗದೆ ಪುಸ್ತಕ ತೆಗೆದೆ. ಒಬ್ಬೊಬ್ಬರನ್ನೂ ಕೇಳಿದೆ. ಗೋದಾಮಿನ ನಿವೃತ್ತ ಕಾವಲುಗಾರರೊಬ್ಬರು ನಾಲ್ಕು ಕಡೆ ಕೂರುತ್ತಿದ್ದರಂತೆ. ಬೆಸುಗೆ ಕೆಲಸದವನು ಮೂರು ಕಡೆ. ದೊಡ್ಡಮ್ಮ ಎರಡು ಕಡೆ, ಕಾಲು ಹೆಚ್ಚು ಊದಿದ ದಿನ ನಾಲ್ಕು ಕಡೆ. ಆ ಪೈಪು, ಆ ಕಲ್ಲು, ನೀರಿನ ತೊಟ್ಟಿಯ ಕಟ್ಟೆ, ಎಲ್ಲವೂ ಇವರಿಗೆ ದಾರಿಯ ಮೆಟ್ಟಿಲುಗಳಾಗಿದ್ದವು. ಅವರು ಅಲ್ಲಿ ಕೂತದ್ದು ಮುಂದೆ ನಡೆಯಲಿಕ್ಕೆ. ಆರೋಗ್ಯ ಕೆಟ್ಟವರನ್ನೆಲ್ಲ ಸೋಮಾರಿಗಳ ಪಟ್ಟಿಗೆ ಸೇರಿಸಿ, ಆರೋಗ್ಯವನ ಕಟ್ಟಿ, ಆಸ್ಪತ್ರೆಯ ದಾರಿ ಮುಚ್ಚಿದ್ದೀರಿ. ಕೋಪದಲ್ಲಿ ಬರೆಯುತ್ತಿದ್ದೇನೆ, ಹೌದು.

ಮೊನ್ನೆ ಆ ಕಾವಲುಗಾರರ ಮೊಣಕೈಗೆ ಲಾರಿಯ ಕನ್ನಡಿ ತಗುಲಿತು. ಆರು ಹೊಲಿಗೆ. "ಇಷ್ಟಕ್ಕೇ ಹೋಯ್ತಲ್ಲ" ಎಂದು ಅವರೇ ನನಗೆ ಸಮಾಧಾನ ಹೇಳಿದರು. ಗುರುವಾರ ಬೆಳಗಾದರೆ ಬಾಗಿಲ ಕಡೆ ನೋಡುತ್ತೇನೆ, ಪುಸ್ತಕ ನೋಡುತ್ತೇನೆ. ಬಾರದವರು ಮನೆಯಲ್ಲಿದ್ದಾರೋ, ದಾರಿಯಲ್ಲಿದ್ದಾರೋ ಎಂದು ಯಾರನ್ನು ಕೇಳಲಿ?

ಆ ಎಣಿಕೆಯನ್ನು ಹೇಗೆ ಮಾಡಿದಿರಿ? ಎಣಿಸಿದ ಪುಣ್ಯಾತ್ಮ ಯಾರು? ಅಷ್ಟು ಜನ ಏದುಸಿರು ಬಿಡುತ್ತ ಕೂತಿದ್ದಾಗ ಒಬ್ಬರನ್ನಾದರೂ "ಯಾಕೆ ಕೂತ್ರಿ?" ಎಂದು ಕೇಳಬಾರದಿತ್ತೇ?

ಇನ್ನೊಂದು. ನಿನ್ನ ಕಾಗದದ ಕೊನೆಯಲ್ಲಿ "ದೊಡ್ಡಮ್ಮನಿಗೆ" ಎಂದು ಬರೆದು ಅದರ ಮೇಲೆ ಗೀಚಿದ್ದೀಯ. ಬೆಳಕಿಗೆ ಹಿಡಿದರೂ ಮುಂದಿನ ಪದ ಕಾಣಲಿಲ್ಲ.

ಅಕ್ಕ


ಫೆಬ್ರವರಿ 8

ಅಕ್ಕಾ,

ನಿಯಮ ಹೀಗಿದೆ. ಬಯಲಿನ ಎರಡು ತುದಿಗೆ ಸುಣ್ಣದ ಗೆರೆ ಎಳೆಯುತ್ತೇವೆ. ಒಂದು ಗೆರೆ ದಾಟಿದವರು ಮೂರು ನಿಮಿಷದೊಳಗೆ ಇನ್ನೊಂದು ಗೆರೆ ದಾಟಿದರೆ ಅವರು ನಡೆಯುವವರು. ನಡುವೆ ಕೂತರೆ ಕೂತವರು. ಎಣಿಸುವವನ ಎರಡು ಕೈಯಲ್ಲೂ ಒತ್ತಿದರೆ ಟಿಕ್ ಎನ್ನುವ ಎಣಿಕೆಯ ಡಬ್ಬಿ ಇರುತ್ತದೆ. ಎಡಗೈ ನಡೆಯುವವರಿಗೆ, ಬಲಗೈ ಕೂತವರಿಗೆ. ಒಮ್ಮೆ ಬಲಗೈ ಒತ್ತಿದ ಮೇಲೆ ಆ ಮನುಷ್ಯ ಎದ್ದು ಎಲ್ಲಿಗೆ ಹೋದ ಎಂದು ನೋಡುವಂತಿಲ್ಲ. ಮುಂದಿನವರ ಮೇಲೆ ಕಣ್ಣಿಡಬೇಕು. ಎಷ್ಟೋ ವರ್ಷದಿಂದ ಹೀಗೇ ಮಾಡುತ್ತಿದ್ದೇವೆ. ಗಟ್ಟಿಮುಟ್ಟಾದವರು ಆ ಬಯಲನ್ನು ಎರಡೂವರೆ ನಿಮಿಷದಲ್ಲಿ ದಾಟುತ್ತಾರೆ.

ಇಸ್ತ್ರಿಯವರ ಮಾತು ಓದಿದ ಮೇಲೆ ಉಳಿದ ಎಂಟು ಬಡಾವಣೆಗಳ ಹಾಳೆಗಳನ್ನೂ ತೆಗೆದು ನೋಡಿದೆ. ಎಲ್ಲ ಕಡೆಯೂ ಬಲಗೈ ಅಂಕಿಯೇ ದೊಡ್ಡದು. ಎಲ್ಲ ಕಡೆಯೂ ಹತ್ತಿರದಲ್ಲಿ ಒಂದು ಕ್ಲಿನಿಕ್ಕೋ ಔಷಧಿ ಅಂಗಡಿಯೋ ಇದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಕಥೆ.

ಮೇಲಧಿಕಾರಿಗೆ ಹೇಳಿದೆ. ಅವರು ಕೆಟ್ಟವರಲ್ಲ. "ಎಣಿಸಿದವರು ದಿನಗೂಲಿಯವರು, ಅವರು ತಪ್ಪು ಮಾಡಿದ್ರು ಅಂತ ಒಂದು ಟಿಪ್ಪಣಿ ಬರೀರಿ. ಮಂಡಳಿಯವರು ಬಂದು ಹೋದ ಮೇಲೆ ನೋಡೋಣ. ಯಾರಿಗೂ ತೊಂದರೆಯಿಲ್ಲ" ಎಂದರು.

ಟಿಪ್ಪಣಿ ಇನ್ನೂ ಬರೆದಿಲ್ಲ. ಸ್ವಲ್ಪ ಸಮಯ ಕೊಡು. ಅಲ್ಲಿಯವರೆಗೆ ಅವಳನ್ನು ಲಾರಿ ರಸ್ತೆಗೆ ಬಿಡಬೇಡ.

ತಮ್ಮ


ಫೆಬ್ರವರಿ 16

ತಮ್ಮಾ,

ನಿನ್ನೆ ನಾಲ್ಕು ಸಲ ಫೋನು ಮಾಡಿದೆ, ಎತ್ತಲಿಲ್ಲ. ಸಂದೇಶ ಹಾಕಿದ್ದಕ್ಕೆ "ಈಗ ಹೇಗಿದ್ದಾಳೆ?" ಎಂದು ಒಂದು ಸಾಲು. ಆ ಒಂದು ಸಾಲಿಗೆ ಉತ್ತರ ಇಲ್ಲಿದೆ. ದೊಡ್ಡಾಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ.

ತಪ್ಪು ನನ್ನದೂ ಇದೆ. ಈ ವಾರ ಗಾಡಿ ಸಿಗಲಿಲ್ಲ, ಡ್ಯೂಟಿ ಮುಗಿಸಿ ನಾನೇ ಡಾಕ್ಟರನ್ನು ಕೇಳಿಕೊಂಡು ಬರುತ್ತೇನೆ, ನೀನು ಹೊರಡಬೇಡ ಎಂದು ಹೇಳಿದ್ದೆ. ಅವಳು ಯಾವತ್ತು ಯಾರ ಮಾತು ಕೇಳಿದ್ದಾಳೆ? ಒಬ್ಬಳೇ ಹೊರಟಿದ್ದಾಳೆ. ಬೇಲಿಯ ಒಂದೊಂದು ಸರಳನ್ನೂ ಹಿಡಿದುಕೊಂಡು ಅರ್ಧ ದಾರಿ ಬಂದಿದ್ದಾಳೆ. ಬೇಲಿಯ ಒಳಗಡೆ ಎಂಟು ಬೆಂಚು ಖಾಲಿ. ಹೊರಗಡೆ ಕೂರಲು ಒಂದು ಕಲ್ಲೂ ಇಲ್ಲ. ಕೊನೆಗೆ ಲಾರಿ ರಸ್ತೆಯ ಅಂಚಿನಲ್ಲೇ ಕುಸಿದು ಕೂತಿದ್ದಾಳೆ.

ಒಬ್ಬ ಲಾರಿ ಡ್ರೈವರು ನೋಡಿದ. ಅವನು ಗಾಡಿಯನ್ನು ರಸ್ತೆಗೆ ಅಡ್ಡ ನಿಲ್ಲಿಸಿ, ಹಿಂದಿನವರ ಬೈಗುಳ ತಿಂದು, ಅವಳನ್ನು ಎತ್ತಿ ತನ್ನ ಪಕ್ಕ ಕೂರಿಸಿಕೊಂಡು ಕ್ಲಿನಿಕ್ ಬಾಗಿಲಿಗೆ ತಂದ. ಇಷ್ಟು ಎತ್ತರದ ಲಾರಿಯಿಂದ ದೊಡ್ಡಮ್ಮ ಇಳಿಯುವುದನ್ನು ನೋಡಿ ಓಡಿ ಹೋಗಿ ಹಿಡಿದುಕೊಂಡೆ. ತುಟಿ ನೀಲಿಯಾಗಿತ್ತು. ಆದರೂ ನನ್ನನ್ನು ನೋಡಿ, "ಬೈಬೇಡ, ಉಸಿರಿಲ್ಲ ಉತ್ತರ ಕೊಡೋಕೆ" ಎಂದಳು.

ಶ್ವಾಸಕೋಶಕ್ಕೂ ನೀರು ಬಂದಿದೆಯಂತೆ. ಎರಡು ಮೂರು ದಿನ ಏನೂ ಹೇಳಲಾಗುವುದಿಲ್ಲ ಎಂದರು. ಇಪ್ಪತ್ತೆರಡು ವರ್ಷದಿಂದ ಈ ಮಾತನ್ನು ನಾನು ಬೇರೆಯವರಿಗೆ ಹೇಳುತ್ತ ಬಂದಿದ್ದೇನೆ. ಕೇಳಿಸಿಕೊಂಡರೆ ಹೇಗಿರುತ್ತದೆ ಎಂದು ನಿನ್ನೆ ಗೊತ್ತಾಯಿತು. ನನಗೆ ಭಯವಾಗುತ್ತಿದೆ ಕಣೋ. ಆಸ್ಪತ್ರೆಯವರೆಲ್ಲ ನನ್ನನ್ನು ಸಿಸ್ಟರ್ ಎನ್ನುತ್ತಾರೆ, ಅವರೆದುರು ಅಳುವ ಹಾಗೂ ಇಲ್ಲ.

ದೊಡ್ಡಮ್ಮನಿಗೆ ನಾನಿದ್ದೇನೆ, ಹೊತ್ತುಕೊಂಡಾದರೂ ಹೋಗುತ್ತೇನೆ. ಉಳಿದ ಅರವತ್ತೆರಡು ಜನಕ್ಕೆ? ನೀನು ಕೇಳಿದ ಸಮಯ ಇದೇ ಏನು?

ಯಾರು ಎಣಿಸಿದ್ದು ಎಂಬುದಕ್ಕೆ ನೀನಿನ್ನೂ ಉತ್ತರ ಕೊಟ್ಟಿಲ್ಲ.

ಅಕ್ಕ


ಫೆಬ್ರವರಿ 24

ಅಕ್ಕಾ,

ಎಣಿಸಿದ್ದು ನಾನು.

ದಿನಗೂಲಿಯವರು ಯಾರೂ ಇರಲಿಲ್ಲ. ನಾನು ಹುಟ್ಟಿ ಬೆಳೆದ ಜಾಗ, ನನಗೇ ಚೆನ್ನಾಗಿ ಗೊತ್ತು ಎಂದು ಹೇಳಿ ನಾನೇ ಕೇಳಿ ಪಡೆದುಕೊಂಡ ಕೆಲಸ. ಕಚೇರಿಯ ಬೂದು ಬಣ್ಣದ ಗಾಡಿಯಲ್ಲಿ, ಗೋದಾಮಿನ ಗೋಡೆ ಪಕ್ಕ ಮೂರು ದಿನ ಕೂತಿದ್ದೆ. ಮಂಗಳ, ಬುಧ, ಗುರುವಾರ. ನಿನಗೆ ತಿಳಿಸಲಿಲ್ಲ. ನಿನ್ನ ಕ್ಲಿನಿಕ್ಕಿನ ಕಿಟಕಿ ನನಗೆ ಕಾಣುತ್ತಿತ್ತು.

ಮೊದಲ ದಿನವೇ ದೊಡ್ಡಮ್ಮ ಬಂದಳು. ಕೈಯಲ್ಲಿ ಔಷಧಿಯ ಚೀಲ. ಸಿಮೆಂಟ್ ಪೈಪಿನ ಮೇಲೆ ಕೂತಳು. ನಾನು ಬಲಗೈ ಒತ್ತಿದೆ. ಮರುದಿನವೂ ಬಂದಳು, ಒತ್ತಿದೆ. ಮೂರನೆಯ ದಿನವೂ. ಇನ್ನೂರ ಹನ್ನೊಂದರಲ್ಲಿ ಮೂರು ಅವಳು.

ಕೆಳಗಿಳಿಯಬೇಕೆಂದು ಬಾಗಿಲಿನ ಹಿಡಿಯ ಮೇಲೆ ಕೈ ಇಟ್ಟಿದ್ದೆ. ಇಳಿದು ಏನು ಹೇಳುವುದು? ನಮ್ಮ ಜಗಳದಲ್ಲಿ ಏನಾಯಿತೆಂದು ಅವಳು ನಿನಗೆ ಪೂರ್ತಿ ಹೇಳಿರಲಾರಳು. ನನ್ನೊಡನೆ ಬಂದಿರು ಎಂದೆ, ನನ್ನ ಮನೆ ಇದು, ಬರೋಲ್ಲ ಎಂದಳು. ಹತ್ತು ಸಲ ಕೇಳಿದೆ, ಹತ್ತು ಸಲವೂ ಅದೇ. ಆಗ ನಾನು "ಹಾಗಾದ್ರೆ ಈ ಹೊಗೆಯಲ್ಲೇ ಸಾಯಿ" ಎಂದುಬಿಟ್ಟೆ. ನನಗೆ ಅನ್ನ ಹಾಕಿದ ಕೈಯೆದುರು ನಿಂತು ಹಾಗೆಂದೆ. ಅವಳು ನನ್ನ ಚೀಲ ತಂದು ಬಾಗಿಲಲ್ಲಿಟ್ಟಳು.

ಆ ಹೊಗೆಯನ್ನು ಕಡಿಮೆ ಮಾಡಿ ತೋರಿಸಬೇಕು, ಆಮೇಲೆ ಮುಖ ತೋರಿಸಬೇಕು ಎಂದು ಹಟ ಹಿಡಿದು ಈ ವನ ಮಾಡಿದೆ ಅಕ್ಕಾ. ಗಿಡ ಎಲ್ಲೆಲ್ಲಿ ಬರಬೇಕೆಂದು ಅವಳ ಕಿಟಕಿಯಿಂದಲೇ ಗೆರೆ ಎಳೆದಿದ್ದೆ. ಅವಳು ಏದುಸಿರು ಬಿಡುತ್ತಿದ್ದದ್ದು ಗಾಡಿಯಿಂದ ಕಾಣಲಿಲ್ಲ. ಕಂಡಿತ್ತೋ ಏನೋ, ನಾನು ನೋಡಲಿಲ್ಲ.

ಸೋಮವಾರ ಲಿಖಿತವಾಗಿ ಕೊಟ್ಟೆ. ಎಣಿಕೆ ತಪ್ಪು, ಎಣಿಸಿದವನು ನಾನು, ಈ ನಿಯಮ ಇಟ್ಟುಕೊಂಡರೆ ಎಂಟೂ ಬಡಾವಣೆಗಳಲ್ಲಿ ಇದೇ ಆಗುತ್ತದೆ ಎಂದು. ಮೇಲಧಿಕಾರಿ ಎರಡು ಸಲ ಓದಿ, "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಕಣಯ್ಯಾ" ಎಂದರು. ಮಂಡಳಿಯವರ ಭೇಟಿ ಮುಂದಕ್ಕೆ ಹೋಗಿದೆ. ನನ್ನನ್ನು ಯೋಜನೆಯಿಂದ ತೆಗೆದು ಹಳೆಯ ನಕ್ಷೆಗಳ ಕೋಣೆಗೆ ಹಾಕಿದ್ದಾರೆ. ಬೇಲಿಯಲ್ಲಿ ಎರಡು ಕಡೆ ಬಿಚ್ಚಲು ಆದೇಶ ಹೊರಟಿದೆ. ಹೊಸ ಎಣಿಕೆಯಾದ ಮೇಲೆ ಅದು ಖಾಯಂ ಆಗಬೇಕೋ ಬೇಡವೋ ಎಂದು ತೀರ್ಮಾನ.

ಅವಳ ಉಸಿರು ಸುಧಾರಿಸಿದೆ ಎಂಬ ನಿನ್ನ ಸಂದೇಶವನ್ನು ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತೇನೆ. ನಾನು ಬರುವುದಿಲ್ಲ. ಯಾವ ಮುಖ ಹೊತ್ತು ಬರಲಿ? ಈ ಕಾಗದವನ್ನು ಅವಳಿಗೆ ಓದಬೇಕೆನಿಸಿದರೆ ಓದು, ಬೇಡವಾದರೆ ಹರಿದುಹಾಕು.

ನಿನ್ನ,
ತಮ್ಮ


ಮಾರ್ಚ್ 17

ತಮ್ಮಾ,

ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಮೂರು ವಾರ ಪೆನ್ನು ಮುಟ್ಟಲಿಲ್ಲ. ನನ್ನ ಕಿಟಕಿ ಕಾಣುವ ದೂರದಲ್ಲಿ ಮೂರು ದಿನ ಇದ್ದೆಯಲ್ಲೋ! ಇರಲಿ. ಈಗ ನಡೆದದ್ದು ಬರೆಯುತ್ತೇನೆ.

ಮಾರ್ಚ್ ಮೊದಲ ವಾರ ಇಬ್ಬರು ಬಂದು ಬೇಲಿಯ ಎರಡು ಭಾಗ ಬಿಚ್ಚಿದರು. ಬೈಕು ನುಗ್ಗದಂತೆ ನಡುವೆ ಗಿಡ್ಡ ಕಂಬ ನೆಟ್ಟರು. ಹಳೆಯ ಕಾಲುದಾರಿಯ ಉದ್ದಕ್ಕೂ ಮೂವತ್ತು ಹೆಜ್ಜೆಗೊಂದು ಕಟ್ಟೆ ಬರುತ್ತದಂತೆ. ನಿಮ್ಮ ಕಚೇರಿಯ ಹೆಣ್ಣುಮಗಳೊಬ್ಬಳು ಎಣಿಸಲು ಬಂದಿದ್ದಳು. ಅವಳು ಗಾಡಿಯಲ್ಲಿ ಕೂರಲಿಲ್ಲ. ಕೂತವರ ಪಕ್ಕದಲ್ಲೇ ಕೂತು, ಎದ್ದರೆ ಎದ್ದು, ಬಾಗಿಲತನಕ ಬಂದು ಬರೆದುಕೊಂಡಳು. ಮೂರು ದಿನಕ್ಕೆ ನಡೆಯುವವರು ನೂರ ತೊಂಬತ್ತಾರು. ಇಸ್ತ್ರಿಯವಳು, "ನಮ್ಮನ್ನೂ ನಡೆಯೋವ್ರು ಅಂತ ಬರೆದ್ರಾ? ಸದ್ಯ!" ಎಂದಳು. ಖಾಯಂ ಆದೇಶ ಇನ್ನೂ ಬಂದಿಲ್ಲ. ಆ ಎರಡು ಕಡೆ ಮತ್ತೆ ಯಾವಾಗ ಮುಚ್ಚುತ್ತಾರೋ ಎಂದು ದಿನಾ ಬೆಳಿಗ್ಗೆ ಹೋಗಿ ನೋಡಿ ಬರುತ್ತೇನೆ, ಆಮೇಲೆ ಕ್ಲಿನಿಕ್ ಬೀಗ ತೆಗೆಯುತ್ತೇನೆ.

ಈ ಗುರುವಾರ ಐವತ್ತೊಂದು ಜನ ಬಂದರು. ಬೆಸುಗೆಯವನು ಬರಲಿಲ್ಲ. ಅವನ ಹೆಂಡತಿ ಬಂದು ಹೇಳಿದಳು, ಜನವರಿ ಕೊನೆಯಲ್ಲೇ ತೀರಿಹೋದನಂತೆ. ನನ್ನ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಏಳು ವಾರ "ಬಂದಿಲ್ಲ" ಎಂದು ಬರೆದುಕೊಂಡು ಕೂತಿದ್ದೆ. ನಾನೂ ಹೋಗಿ ನೋಡಲಿಲ್ಲ. ನಿನಗೊಬ್ಬನಿಗೇ ಬೈಯುವ ಹಕ್ಕು ನನಗಿಲ್ಲ ಎಂದು ಆಗ ಅನಿಸಿತು.

ದೊಡ್ಡಮ್ಮ ಬಂದಳು. ಐದು ಕಡೆ ಕೂತು ಮೂವತ್ತೆಂಟು ನಿಮಿಷ. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಡಾಕ್ಟರು, "ಇನ್ನು ವಾರ ತಪ್ಪಿಸಬಾರದು. ತಪ್ಪಿದ್ರೆ ನನ್ನ ಕೈಲಿಲ್ಲ" ಎಂದಿದ್ದಾರೆ.

ನಿನ್ನ ಕಾಗದ ಓದಿ ಹೇಳಿದೆ. ಜಗಳದ ಮಾತು ಬಂದಲ್ಲಿ ನಾನು ಸಾಲು ಹಾರಿಸಲು ನೋಡಿದೆ, ಅವಳೇ "ಓದು, ಗೊತ್ತಿರೋದೇ ಅದು" ಎಂದಳು. ಮುಗಿದ ಮೇಲೆ ಗೋಡೆಗೆ ತಿರುಗಿ ಮಲಗಿದಳು. ಮರುದಿನ ಕಾಗದ, ಪೆನ್ನು ಕೇಳಿದಳು. ಎರಡು ದಿನ ಬರೆದಳು. ಮಡಿಸಿ, ಅಂಟು ಹಾಕಿಸಿ, "ನೀನು ಓದಬೇಡ" ಎಂದಳು. ಓದಿಲ್ಲ. ಇದರೊಡನೆ ಇಟ್ಟಿದ್ದೇನೆ.

ನಿನ್ನ,
ಅಕ್ಕ


ಮಾರ್ಚ್ 15

ಮಗೂ,

ಅಕ್ಷರ ಸೊಟ್ಟಗಿದೆ. ನಿಧಾನಕ್ಕೆ ಓದಿಕೋ.

ಆ ಬೂದು ಗಾಡಿಯಲ್ಲಿ ನೀನಿದ್ದದ್ದು ನನಗೆ ಮೊದಲ ದಿನವೇ ಗೊತ್ತಾಯಿತು. ನಿನ್ನನ್ನು ಸಾಕಿದವಳಿಗೆ ನಿನ್ನ ತಲೆಯ ಗುರುತು ಸಿಗುವುದಿಲ್ಲವೇ? ಮಾತ್ರೆ ತರಲು ಹೊರಟಿದ್ದೆ. ಆಗ ನನಗೆ ಕಾಲು ಇಷ್ಟು ಕೆಟ್ಟಿರಲಿಲ್ಲ. ಪೈಪಿನ ಮೇಲೆ ಒಂದು ನಿಮಿಷ ಕೂತರೆ ಸಾಕಾಗುತ್ತಿತ್ತು. ನಾನು ಕೂತೇ ಇದ್ದೆ, ಒಂದು ಗಂಟೆಯ ಮೇಲಾಗಿರಬೇಕು. ಬುಧವಾರ ನನಗೆ ಕ್ಲಿನಿಕ್ಕಿನಲ್ಲಿ ಕೆಲಸವೇ ಇರಲಿಲ್ಲ. ಆದರೂ ಒಳ್ಳೆಯ ಸೀರೆ ಉಟ್ಟು ಬಂದು ಕೂತೆ. ಗುರುವಾರ ಡಾಕ್ಟರು ಕರೆಯುವ ಹೊತ್ತು ಮೀರಿತು, ಆಗಲೂ ಏಳಲಿಲ್ಲ.

ನಾನೇ ಎದ್ದು ಬಂದು ಗಾಡಿಯ ಗಾಜು ತಟ್ಟಬಹುದಿತ್ತು. ನನಗೂ ಕೊಬ್ಬು. ಚಿಕ್ಕವನು, ಅವನೇ ಬರಲಿ ಎಂದುಕೊಂಡೆ.

ಬೇರೆಯವರ ವಿಷಯದಲ್ಲಿ ನೀನು ಮಾಡಿದ್ದು ದೊಡ್ಡ ತಪ್ಪು. ಅದನ್ನು ಒಪ್ಪಿಕೊಂಡು ಬರೆದುಕೊಟ್ಟೆಯಲ್ಲ, ಅದು ಸರಿಯಾಯಿತು. ನನ್ನ ಮೂರನ್ನು ಮಾತ್ರ ತಿದ್ದಬೇಡ. ನಾನು ಎಲ್ಲಿಗೂ ನಡೆಯುತ್ತಿರಲಿಲ್ಲ ಮಗೂ. ನೀನು ಇಳಿದು ಬರುತ್ತೀಯ ಎಂದು ಕೂತಿದ್ದೆ.

ದೊಡ್ಡಮ್ಮ